ಮಲೆನಾಡಿನ ಮಳೆಗಾಲಕ್ಕೆ ಕಪ್ಪು-ಬಿಳುಪು: ಬಣ್ಣ ಯಾವಾಗ ಬಿಡಬೇಕು, ಬಿಟ್ಟ ಮೇಲೆ ಏನು ಮಾಡಬೇಕು

"ಬಣ್ಣ ಸರಿ ಬಂದಿಲ್ಲ ಅಕ್ಕ, ಬ್ಲಾಕ್ ಅಂಡ್ ವೈಟ್ ಮಾಡಿಬಿಡಿ." ಸಾಗರದ ನಮ್ಮ ಸ್ಟುಡಿಯೋಗೆ ಪ್ರಿಂಟ್ ಹಾಕಿಸಲು ಬರುವ ಹುಡುಗರು ಪದೇ ಪದೇ ಹೇಳುವ ಮಾತು ಇದು. ಆಕಾಶ ಬಿಳಿಚಿಕೊಂಡಿದೆ, ಹಸಿರು ಸಪ್ಪೆಯಾಗಿದೆ, ಬಣ್ಣವನ್ನೇ ತೆಗೆದುಬಿಟ್ಟರೆ ಫೋಟೋಗೆ ಒಂದು ಗಾಂಭೀರ್ಯ ಬರುತ್ತದೆ ಅನ್ನುವುದು ಅವರ ಲೆಕ್ಕ. ಬರುವುದಿಲ್ಲ. ಸಪ್ಪೆ ಕಲರ್ ಫೋಟೋದಿಂದ ಬಣ್ಣ ತೆಗೆದರೆ ಸಿಗುವುದು ಸಪ್ಪೆ ಬೂದು ಫೋಟೋ.

ಕಪ್ಪು-ಬಿಳುಪೋ ಕಲರೋ ಅನ್ನುವುದನ್ನು ಶಟರ್ ಒತ್ತುವ ಮೊದಲೇ, ಆ ಜಾಗದಲ್ಲಿ ನಿಂತೇ ತೀರ್ಮಾನಿಸಬೇಕು. ಉಳಿದದ್ದೆಲ್ಲ ಆ ತೀರ್ಮಾನದ ಮೇಲೇ ನಿಂತಿದೆ. ಎಲ್ಲಿ ನಿಲ್ಲಬೇಕು, ಆಕಾಶ ಎಷ್ಟು ಸೇರಿಸಬೇಕು, ಎಕ್ಸ್‌ಪೋಶರ್ ಎಷ್ಟು ಕೊಡಬೇಕು, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಬೇಕೋ ಬೇಡವೋ, ಎಲ್ಲವೂ ಬದಲಾಗುತ್ತದೆ.

ನಮ್ಮದು ಎರಡು ತಲೆಮಾರಿನ ಸ್ಟುಡಿಯೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಫಿಲ್ಮ್ ಹಾಕಿ ಅಪ್ಪ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಡೆವಲಪರ್ ಟ್ರೇ ಅಲ್ಲಾಡಿಸುತ್ತಾ ಬೆಳೆದವಳು ನಾನು. ಈಗ ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಕಲರ್‌ನಲ್ಲೇ ತೆಗೆಯುತ್ತೇನೆ. ರೇಷ್ಮೆ ಸೀರೆಯ ಬಣ್ಣ ಬಿಟ್ಟು ಆಲ್ಬಮ್ ಮಾಡಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಆಷಾಢದಲ್ಲಿ ಮುಹೂರ್ತಗಳಿಲ್ಲ, ಕೈ ಖಾಲಿ. ಮಲೆನಾಡಿಗೆ ಕಪ್ಪು-ಬಿಳುಪಿನ ಅತಿ ಒಳ್ಳೆಯ ಬೆಳಕು ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಮಳೆಗಾಲದ, ನಮ್ಮ ಕಡೆಯ ಮಾತು. ನಡುವೆ ಹಂಪಿಗೂ ಒಮ್ಮೆ ಹೋಗಿಬರುತ್ತೇನೆ.

ಬಣ್ಣ ಏನು ಕೆಲಸ ಮಾಡುತ್ತಿದೆ?

ಕ್ಯಾಮೆರಾ ಬ್ಯಾಗಿನಿಂದ ತೆಗೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ.

ಕೆಲವು ಕಡೆ ಎಲ್ಲ ಕೆಲಸವನ್ನೂ ಬಣ್ಣವೇ ಮಾಡುತ್ತಿರುತ್ತದೆ. ಮೊದಲ ಮಳೆಗೆ ನೆನೆದ ಜಂಬಿಟ್ಟಿಗೆ ಮಣ್ಣಿನ ರಸ್ತೆ, ಅದರ ಎರಡೂ ಬದಿಗೆ ತೊಳೆದಿಟ್ಟಂಥ ಹಸಿರು. ಕೆಂಪು ಚಿಗುರು ಹೊತ್ತು ನಿಂತ ನಾಗಸಂಪಿಗೆ ಮರ. ಕುಂದಾದ್ರಿ ಮೇಲಿನ ಸೂರ್ಯಾಸ್ತ. ಇವುಗಳಿಂದ ಬಣ್ಣ ತೆಗೆದರೆ ನೋಡಲು ಉಳಿಯುವುದೇ ಕಡಿಮೆ. ಸುಮ್ನೆ ಕಲರ್‌ನಲ್ಲೇ ತೆಗೆಯಿರಿ.

ಕೆಂಪು-ಹಸಿರು ಜೋಡಿಯನ್ನು ಕಪ್ಪು-ಬಿಳುಪು ಹೇಗೆ ನುಂಗಿಹಾಕುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ. ಮೇ ತಿಂಗಳ ಗುಲ್‌ಮೊಹರ್ ಮರ ತೆಗೆದುಕೊಳ್ಳಿ. ಡಿಜಿಟಲ್ ಫೋಟೋದ ಒಂದೊಂದು ಚುಕ್ಕಿಯಲ್ಲೂ ಪ್ರತಿ ಬಣ್ಣಕ್ಕೆ 0ಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. ಹೂವಿನ ಒಂದು ಚುಕ್ಕಿಯಲ್ಲಿ ಕೆಂಪು 220, ಹಸಿರು 80, ನೀಲಿ 30 ಇದೆ ಅಂದುಕೊಳ್ಳಿ. ಪಕ್ಕದ ಎಲೆಯಲ್ಲಿ ಕೆಂಪು 90, ಹಸಿರು 140, ನೀಲಿ 50. ಬಣ್ಣವನ್ನು ಬೂದು ಮಾಡುವ ಸಾಮಾನ್ಯ ಸೂತ್ರ ಕೆಂಪಿನಿಂದ ಸುಮಾರು ಶೇ. 30, ಹಸಿರಿನಿಂದ ಶೇ. 59, ನೀಲಿಯಿಂದ ಶೇ. 11 ತೆಗೆದುಕೊಂಡು ಕೂಡಿಸುತ್ತದೆ. ಕೂಡಿಸಿದರೆ ಹೂವಿಗೆ ಬರುವುದು 116, ಎಲೆಗೆ 115. ಕಣ್ಣಿಗೆ ಬೆಂಕಿಯ ಹಾಗೆ ಕಂಡ ಹೂವು ಎಲೆಯೊಳಗೆ ಕಾಣದೇ ಹೋಯಿತು. ಮೊಬೈಲಿನಲ್ಲಿ ಒಂದೇ ಬಟನ್ ಒತ್ತಿ ಬಣ್ಣ ತೆಗೆದಾಗ ನಡೆಯುವುದು ಹೆಚ್ಚುಕಡಿಮೆ ಇದೇ. ಅದನ್ನು ಸರಿಪಡಿಸುವ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಎಷ್ಟೇ ಸರಿಪಡಿಸಿದರೂ ಗುಲ್‌ಮೊಹರ್‌ನ ಆ ಕೆಂಪು ವಾಪಸ್ ಬರುವುದಿಲ್ಲ ಅಲ್ವಾ?

ಇನ್ನು ಕೆಲವು ಕಡೆ ಬಣ್ಣ ಇರುತ್ತದೆ, ಆದರೆ ಹೇಳಲು ಅದಕ್ಕೆ ಏನೂ ಇರುವುದಿಲ್ಲ. ಪುಷ್ಯ, ಆಶ್ಲೇಷ ಮಳೆ ಹೊತ್ತಿಗೆ ನಮ್ಮ ಕಡೆ ಬಂದು ನೋಡಿ. ಗದ್ದೆ ಹಸಿರು, ತೋಟ ಹಸಿರು, ಗೋಡೆ ಮೇಲಿನ ಪಾಚಿ ಹಸಿರು, ಕೆರೆಯ ನೀರೂ ಹಸಿರು. ಅದನ್ನು ಕಲರ್‌ನಲ್ಲಿ ತೆಗೆದು ತೋರಿಸಿದರೆ ಎಲ್ಲರೂ "ಅಬ್ಬ, ಎಷ್ಟು ಹಸಿರು!" ಅನ್ನುತ್ತಾರೆ. ಅಲ್ಲಿಗೆ ನೋಡುವುದು ಮುಗಿಯಿತು. ಆ ಹಸಿರಿನ ಒಳಗೆ ಏನಿತ್ತು ಅಂತ ಯಾರೂ ಹುಡುಕುವುದಿಲ್ಲ.

ಕುದುರೆಮುಖದ ಬೆಟ್ಟಗಳನ್ನು ನೋಡಿ. ದುಂಡಗೆ ಏರಿ ಇಳಿಯುವ ಹುಲ್ಲುಗಾವಲು. ಎರಡು ಗುಡ್ಡ ಸೇರುವ ಮಡಿಕೆಗಳಲ್ಲಿ, ನೀರು ಇಳಿಯುವ ಜಾಗದಲ್ಲಿ, ಒತ್ತಾಗಿ ಕೂತ ಶೋಲಾ ಕಾಡು. ಹುಲ್ಲು ನಿಂತು ಕಾಡು ಶುರುವಾಗುವ ಅಂಚು ಎಷ್ಟು ಚೂಪಾಗಿರುತ್ತದೆ ಅಂದರೆ ಯಾರೋ ಗೆರೆ ಎಳೆದು ನೆಟ್ಟಿದ್ದಾರೇನೋ ಅನ್ನಿಸುತ್ತದೆ. ಇಡೀ ಬೆಟ್ಟದ ನೀರಿನ ದಾರಿ ಆ ಗೆರೆಯಲ್ಲಿದೆ. ಕಲರ್‌ನಲ್ಲಿ ಎರಡೂ ಹಸಿರು, ಗೆರೆ ಅರ್ಧ ಮುಚ್ಚಿಹೋಗುತ್ತದೆ. ಕಪ್ಪು-ಬಿಳುಪಿನಲ್ಲಿ ಹುಲ್ಲು ತಿಳಿ ಬೂದು, ಕಾಡು ಕಡು ಬೂದು. ಗೆರೆ ಎದ್ದು ನಿಲ್ಲುತ್ತದೆ. ನಾನು ಕಪ್ಪು-ಬಿಳುಪು ಹಿಡಿಯುವುದು ಇಂಥ ಕಡೆ: ಬಣ್ಣ ಮುಚ್ಚಿಟ್ಟ ಆಕಾರವೊಂದು ಅಲ್ಲಿ ಇದ್ದಾಗ. (ಅಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲೇ ನೋಡಿಕೊಂಡು ಹೊರಡಿ.)

ಕಣ್ಣಿಗೆ ಅಭ್ಯಾಸ ಮಾಡಿಸಲು ಸುಲಭದ ದಾರಿ ಇದೆ. ಕಣ್ಣನ್ನು ಅರ್ಧ ಮುಚ್ಚಿ, ರೆಪ್ಪೆಗಳ ನಡುವಿನಿಂದ ನೋಡಿ. ಸಣ್ಣ ವಿವರ, ಬಣ್ಣ ಎರಡೂ ಹಿಂದೆ ಸರಿದು ಬೆಳಕು-ಕತ್ತಲೆಯ ದೊಡ್ಡ ತುಂಡುಗಳು ಉಳಿಯುತ್ತವೆ. ಹಾಗೆ ನೋಡಿದಾಗಲೂ ಚಿತ್ರದಲ್ಲಿ ಎರಡು ಮೂರು ತುಂಡು ಬೇರೆಬೇರೆಯಾಗಿ ಕಂಡರೆ ಕಪ್ಪು-ಬಿಳುಪಿಗೆ ಅಲ್ಲಿ ಜೀವ ಇದೆ. ಎಲ್ಲ ಒಂದೇ ಮುದ್ದೆಯಾಗಿ ಕಂಡರೆ ಇಲ್ಲ. ಇದು ಬರಬರುತ್ತಾ ಅಭ್ಯಾಸವಾಗುತ್ತದೆ, ಆಮೇಲೆ ಕಣ್ಣು ಮುಚ್ಚುವುದೂ ಬೇಡ.

ಮಂಜು, ಕಲ್ಲು, ನೀರು

ಮಂಜು ನಮ್ಮ ಕಡೆಯ ದೊಡ್ಡ ಭಾಗ್ಯ. ಆಗುಂಬೆ ಘಾಟಿಯಲ್ಲಿ ಬೆಳಗ್ಗೆ ನಿಂತರೆ ಹತ್ತಿರದ ಮರ ಕಡು ಕಪ್ಪು, ಅದರ ಹಿಂದಿನದು ಬೂದು, ಅದರಾಚೆಯದು ಇದ್ದೂ ಇಲ್ಲದ ಹಾಗೆ. ಪ್ರಕೃತಿಯೇ ಟೋನ್‌ಗಳನ್ನು ಸಾಲಾಗಿ ಜೋಡಿಸಿ ಕೊಟ್ಟಿರುತ್ತದೆ. ಇಲ್ಲಿ ಒಂದೇ ಕಿವಿಮಾತು: ಹತ್ತಿರದಲ್ಲಿ ಗಟ್ಟಿ ಕಪ್ಪು ಏನಾದರೂ ಇರಲಿ. ಒಂದು ಬಗಿನೆ ಮರವೋ, ಒದ್ದೆ ಬೇಲಿಗೂಟವೋ ಸಾಕು. ಅದಿಲ್ಲದ ಮಂಜಿನ ಫೋಟೋ ನೋಡಲು ತೊಳೆದುಹೋದ ಹಾಗೆ ಕಾಣುತ್ತದೆ, ಕಣ್ಣಿಗೆ ಹಿಡಿತ ಸಿಗುವುದಿಲ್ಲ.

ಕಲ್ಲಿಗೆ ಬೇಕಾದದ್ದು ಪಕ್ಕದಿಂದ ಬರುವ ಬೆಳಕು. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರದ ಕಪ್ಪು ಬಂಡೆ. ಎದುರಿನಿಂದ ಬೆಳಕು ಬಿದ್ದರೆ ಅದೊಂದು ಚಪ್ಪಟೆ ಗೋಡೆ. ಪಕ್ಕದಿಂದ ಬಿದ್ದರೆ ಒಂದೊಂದು ಸೀಳೂ ಕಾಣುತ್ತದೆ. ಮಳೆ ನಿಂತ ಹತ್ತು ನಿಮಿಷಕ್ಕೆ ಹೋದರೆ ಇನ್ನೂ ಚೆಂದ, ಒದ್ದೆ ಅಂಚುಗಳು ಬೆಳಕು ಹಿಡಿದು ಮಿನುಗುತ್ತವೆ. ಆಕಾಶ ಮಾತ್ರ ಸೇರಿಸಬೇಡಿ. ಕಪ್ಪು ಬಂಡೆ, ಬಿಳಿ ಆಕಾಶ ಎರಡನ್ನೂ ಒಂದೇ ಫ್ರೇಮಿಗೆ ತುರುಕಿದರೆ ಒಂದು ಹಾಳಾಗುತ್ತದೆ. ಬಂಡೆಯಿಂದಲೇ ಫ್ರೇಮ್ ತುಂಬಿಸಿ.

ನಡುಮಧ್ಯಾಹ್ನದ ಬಿಸಿಲಿಗೂ ಕಪ್ಪು-ಬಿಳುಪಿನಲ್ಲಿ ಜಾಗ ಇದೆ. ಕಲರ್‌ನವರು ಕ್ಯಾಮೆರಾ ಒಳಗಿಡುವ ಹೊತ್ತಿನಲ್ಲಿ ಹಂಪಿಯ ಬಂಡೆಗಳ ನೆರಳು ಕತ್ತರಿಸಿಟ್ಟ ಹಾಗೆ ಬೀಳುತ್ತದೆ. ಆ ನೆರಳೇ ಚಿತ್ರ ಆಗಬಹುದು.

ಇನ್ನು ಜೋಗ. ಶರಾವತಿ ನಾಲ್ಕು ಕವಲಾಗಿ 253 ಮೀಟರ್ ಕೆಳಗೆ ಬೀಳುತ್ತದೆ, ರಾಜ, ರಾಣಿ, ರೋರರ್, ರಾಕೆಟ್. ಬಿಳಿ ನೀರು, ಕಪ್ಪು ಬಂಡೆ. ಕಪ್ಪು-ಬಿಳುಪಿಗೇ ಹೇಳಿ ಮಾಡಿಸಿದ ಜಾಗ. ಆದರೆ ನಾಲ್ಕಕ್ಕೂ ಒಂದೇ ಶಟರ್ ವೇಗ ಇಟ್ಟರೆ ನಾಲ್ಕರ ಸ್ವಭಾವವೂ ಒಂದೇ ಆಗಿಬಿಡುತ್ತದೆ. ರಾಣಿ ಬಂಡೆಯ ಮೇಲೆ ಹರಡಿಕೊಂಡು ಜಾರುತ್ತಾಳೆ. ಅವಳಿಗೆ 1/4 ಸೆಕೆಂಡ್ ಆಸುಪಾಸು ಇಟ್ಟರೆ ನೀರಿನ ಎಳೆಗಳು ಎಳೆಗಳಾಗಿಯೇ ಉಳಿಯುತ್ತವೆ. ರಾಜ ನೇರ ಬೀಳುವವನು, ರಾಕೆಟ್ ಚಿಮ್ಮುವವನು. ಅವರಿಗೆ 1/250ಕ್ಕಿಂತ ಜಾಸ್ತಿ ವೇಗ ಬೇಕು, ಆಗಲೇ ನೀರಿನ ತೂಕ ಕಾಣುವುದು. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಮೂವತ್ತು ಸೆಕೆಂಡ್ ತೆರೆದಿಟ್ಟು ಎಲ್ಲವನ್ನೂ ನಯವಾದ ಬಿಳಿ ಪಟ್ಟಿ ಮಾಡುವುದು ನನಗೆ ಇಷ್ಟವಿಲ್ಲ. ಜೋಗದ ಅಬ್ಬರವೇ ಅದರಲ್ಲಿ ಸತ್ತುಹೋಗುತ್ತದೆ. ಮಳೆಗಾಲದಲ್ಲಿ ಮಂಜು ಮುಚ್ಚಿಕೊಂಡು ಏನೂ ಕಾಣದಿದ್ದರೆ ವಾಪಸ್ ಹೊರಡಬೇಡಿ. ಗಾಳಿ ಬೀಸಿದಾಗ ಪರದೆ ಸರಿಯುತ್ತದೆ, ಅರ್ಧ ಜಲಪಾತ ಮಂಜಿನಲ್ಲಿ ಅರ್ಧ ಹೊರಗೆ ಇರುವ ಆ ಗಳಿಗೆ ಪೂರ್ತಿ ತೆರೆದ ನೋಟಕ್ಕಿಂತ ಒಳ್ಳೆಯದು. ಟ್ರೈಪಾಡ್, ದೊಡ್ಡ ಛತ್ರಿ, ಲೆನ್ಸ್ ಒರೆಸಲು ಮೂರು ನಾಲ್ಕು ಒಣ ಬಟ್ಟೆ ಇರಲಿ. ಒಂದು ಬಟ್ಟೆ ಅಲ್ಲಿ ಐದು ನಿಮಿಷಕ್ಕೆ ಸಾಲದು.

ಕ್ಯಾಮೆರಾದಲ್ಲಿ

ರಾ ಫೈಲ್ (ಸೆನ್ಸರ್ ಹಿಡಿದ ಮಾಹಿತಿಯೆಲ್ಲ ಹಾಗೇ ಇರುವ ಫೈಲ್) ತೆಗೆಯಿರಿ, ಜೊತೆಗೆ ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್‌ಗೆ ಇಡಿ. ಆಗ ಹಿಂದಿನ ಸ್ಕ್ರೀನಿನಲ್ಲಿ ಕಾಣುವುದು ಕಪ್ಪು-ಬಿಳುಪು, ಫೈಲಿನೊಳಗೆ ಎಲ್ಲ ಬಣ್ಣವೂ ಹಾಗೇ ಉಳಿದಿರುತ್ತದೆ. ಈ ಒಂದು ಸೆಟ್ಟಿಂಗ್ ಕಲಿಯುವವರಿಗೆ ದೊಡ್ಡ ಗುರು. ಬರೀ ಜೆಪೆಗ್‌ನಲ್ಲಿ ಮಾನೋಕ್ರೋಮ್ ತೆಗೆದರೆ ಬಣ್ಣದ ಮಾಹಿತಿ ಹೋದಂತೆಯೇ. ಆಮೇಲೆ ಹುಲ್ಲು ತಿಳಿ ಮಾಡುವುದು, ಕಾಡು ಕಡು ಮಾಡುವುದು ಯಾವುದೂ ಆಗುವುದಿಲ್ಲ. ಮೊಬೈಲ್‌ನವರಿಗೂ ಇದೇ ಮಾತು: ಕಲರ್‌ನಲ್ಲಿ ತೆಗೆದು ಆಮೇಲೆ ಬದಲಿಸಿ. ಪ್ರೋ ಮೋಡ್‌ನಲ್ಲಿ ರಾ ಇದ್ದರೆ ಅದನ್ನೇ ಆರಿಸಿ.

ಎಕ್ಸ್‌ಪೋಶರ್ ವಿಷಯಕ್ಕೆ ಬಂದರೆ, ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಏನನ್ನು ನೋಡಿದರೂ ನಡುಬೂದು ಮಾಡಲು ಹೊರಡುತ್ತದೆ. ಮಂಜು ತೋರಿಸಿದರೆ ಅದನ್ನು ಬೂದು ಮಾಡುತ್ತದೆ, ಯಾಣದ ಬಂಡೆ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ. ಹಾಗಾಗಿ ಮಂಜಿಗೆ ಒಂದು ಸ್ಟಾಪ್ ಜಾಸ್ತಿ ಕೊಡಿ, ಅಂದರೆ ಎರಡರಷ್ಟು ಬೆಳಕು. ಕಪ್ಪು ಬಂಡೆಗೆ ಒಂದು ಸ್ಟಾಪ್ ಕಡಿಮೆ ಮಾಡಿ. ಜೋಗದ ನೀರಿಗೆ ಹೈಲೈಟ್ ವಾರ್ನಿಂಗ್ (ಅತಿ ಬೆಳ್ಳಗಾದ ಜಾಗವನ್ನು ಸ್ಕ್ರೀನಿನಲ್ಲಿ ಮಿಟುಕಿಸಿ ತೋರಿಸುವ ಸೆಟ್ಟಿಂಗ್) ಹಾಕಿಟ್ಟು, ನೀರು ಮಿಟುಕುವುದು ನಿಲ್ಲುವವರೆಗೆ ಇಳಿಸುತ್ತಾ ಬನ್ನಿ. ಬಿಳಿಯಲ್ಲಿ ವಿವರ ಒಮ್ಮೆ ಹೋದರೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು.

ಅಮೆರಿಕದ ಫೋಟೋಗ್ರಾಫರ್‌ಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ 1940ರ ಹೊತ್ತಿಗೆ ಇದಕ್ಕೊಂದು ಪದ್ಧತಿಯನ್ನೇ ಮಾಡಿದರು, ಝೋನ್ ಸಿಸ್ಟಮ್ ಅಂತ. ಅಚ್ಚ ಕಪ್ಪು ಸೊನ್ನೆ, ಅಚ್ಚ ಬಿಳಿ ಹತ್ತು, ನಡುಬೂದು ಐದು. ಫಿಲ್ಮ್ ತೊಳೆಯುವ ಲೆಕ್ಕವೆಲ್ಲ ಅದರಲ್ಲಿದೆ, ನಮಗೆ ಈಗ ಅಷ್ಟು ಬೇಡ. ಅದರಿಂದ ಒಂದು ಅಭ್ಯಾಸ ಮಾತ್ರ ತೆಗೆದುಕೊಳ್ಳಿ. ನೋಟದ ಎದುರು ನಿಂತು ಗಟ್ಟಿಯಾಗಿ ಹೇಳಿಕೊಳ್ಳಿ: ಈ ಕಾಡು ಮೂರನೇ ಝೋನ್, ಕಪ್ಪು ಆದರೆ ಎಲೆ ಕಾಣಬೇಕು. ಆ ಹುಲ್ಲು ಆರು. ಮಂಜು ಏಳೂವರೆ. ಇಷ್ಟು ಹೇಳಲು ಬಂದರೆ ಚಿತ್ರ ಮನಸ್ಸಿನಲ್ಲಿ ಆಗಲೇ ತಯಾರಾಗಿದೆ.

ಪೋಲರೈಸರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕಲರ್‌ನಲ್ಲಿ ಒದ್ದೆ ಎಲೆಯ ಹೊಳಪು ತೆಗೆಯಲು ಅದು ಬೇಕೇ ಬೇಕು, ಹಸಿರು ತುಂಬಿಕೊಂಡು ಬರುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಹೊಳಪೇ ನಮ್ಮ ಬಿಳಿ. ಅಡಿಕೆ ಸೋಗೆಯ ಮೇಲೆ, ಕೆಸುವಿನ ಎಲೆಯ ಮೇಲೆ, ಒದ್ದೆ ಹೆಂಚಿನ ಮೇಲೆ ಆಕಾಶದ ಬೆಳಕು ಹೊಳೆಯುವುದರಿಂದಲೇ ತೋಟದ ಕತ್ತಲೆಯೊಳಗೆ ಆಕಾರಗಳು ಕಾಣುತ್ತವೆ. ಮಳೆಗಾಲದ ಕಪ್ಪು-ಬಿಳುಪಿಗೆ ನಾನು ಪೋಲರೈಸರ್ ಬಿಚ್ಚಿಡುತ್ತೇನೆ.

ಬಣ್ಣದ ಗಾಜಿನ ಫಿಲ್ಟರ್‌ಗಳು? ಡಿಜಿಟಲ್ ಕ್ಯಾಮೆರಾಗೆ ಬೇಡ. ಅದರ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಅರ್ಧ ಚುಕ್ಕಿಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ಕಡು ಕೆಂಪು ಫಿಲ್ಟರ್ ಹಾಕಿದರೆ ಮುಕ್ಕಾಲು ಚುಕ್ಕಿಗಳಿಗೆ ಕೆಲಸವೇ ಇರುವುದಿಲ್ಲ. ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದು ಕಪ್ಪು-ಬಿಳುಪು ರೋಲ್ ಹಾಕುವವರಿಗೆ ಮಾತ್ರ ಅವು ಬೇಕು. ಹಳದಿಗೆ ಸುಮಾರು ಒಂದು ಸ್ಟಾಪ್, ಕಡು ಕೆಂಪಿಗೆ ಸುಮಾರು ಮೂರು ಸ್ಟಾಪ್ ಜಾಸ್ತಿ ಬೆಳಕು ಕೊಡಬೇಕಾಗುತ್ತದೆ. ಒಂದೇ ಕೊಳ್ಳುವುದಾದರೆ ಹಳದಿ ಕೊಳ್ಳಿ.

ಬಣ್ಣದಿಂದಲೇ ಬೂದು

ಗುಲ್‌ಮೊಹರ್ ಹೂವಿನ ಲೆಕ್ಕ ನೆನಪಿದೆಯಲ್ಲ? ಸೂತ್ರದ ಪಾಲು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಕೆಂಪಿನ ಪಾಲು ಹೆಚ್ಚಿಸಿದರೆ ಹೂವು ಬೆಳ್ಳಗೆ, ಎಲೆ ಕಪ್ಪಗೆ. ಹಸಿರಿನ ಪಾಲು ಹೆಚ್ಚಿಸಿದರೆ ತಿರುವುಮುರುವು. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರಿನ ಬ್ಲಾಕ್ ಅಂಡ್ ವೈಟ್ ಮಿಕ್ಸರ್‌ನಲ್ಲಿ ಎಂಟು ಬಣ್ಣಕ್ಕೆ ಎಂಟು ಸ್ಲೈಡರ್ ಇರುವುದು ಇದಕ್ಕೇ. ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿಗಳಲ್ಲೂ ಈ ಸೌಲಭ್ಯ ಇದೆ. ಮೊಬೈಲ್‌ನಲ್ಲಾದರೆ ಸ್ನ್ಯಾಪ್‌ಸೀಡ್‌ನ ಬ್ಲಾಕ್ ಅಂಡ್ ವೈಟ್ ಟೂಲ್ ಒಳಗೆ ಕಲರ್ ಫಿಲ್ಟರ್ ಬಟನ್ ಹುಡುಕಿ.

ಬಣ್ಣ ತೆಗೆದುಹಾಕಲು ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ಲೈಡರನ್ನು ಪೂರ್ತಿ ಕೆಳಕ್ಕೆ ಎಳೆಯಬೇಡಿ. ಮಿಕ್ಸರ್‌ಗೆ ಹೋಗಿ.

ಕುದುರೆಮುಖದ ಹುಲ್ಲು-ಕಾಡಿನ ಫೋಟೋವನ್ನೇ ತೆರೆಯೋಣ. ಮೊದಲು ಹಳದಿ ಸ್ಲೈಡರ್. ಹೌದು, ಹಸಿರಲ್ಲ, ಹಳದಿ. ನಮ್ಮ ಕಣ್ಣಿಗೆ ಹಸಿರಾಗಿ ಕಂಡರೂ ಹುಲ್ಲಿನ ಬಣ್ಣದಲ್ಲಿ ಹಳದಿ ಬೇಕಾದಷ್ಟಿದೆ, ಹಾಗಾಗಿ ಹಸಿರು ಸ್ಲೈಡರ್ ಎಷ್ಟು ಎಳೆದರೂ ಹುಲ್ಲು ಅಷ್ಟಾಗಿ ಅಲುಗುವುದಿಲ್ಲ. ಹಳದಿಯನ್ನು +30, +35ರವರೆಗೆ ಏರಿಸಿ. ಗುಡ್ಡಗಳು ಬೆಳಗಿಕೊಳ್ಳುತ್ತವೆ. ಆಮೇಲೆ ಹಸಿರನ್ನು -20ರ ಹತ್ತಿರ ಇಳಿಸಿ. ಶೋಲಾ ಕಾಡಿನ ಕಡು ಎಲೆ ಇನ್ನಷ್ಟು ಕೆಳಗಿಳಿಯುತ್ತದೆ. ಈಗ ಕಾಡಿನ ಅಂಚನ್ನು ಶೇ. 100ಕ್ಕೆ ಹಿಗ್ಗಿಸಿ ನೋಡಿ. ಅಂಚಿನಲ್ಲಿ ಬಿಳಿ ಗೆರೆಯೋ ಕಾಳುಕಾಳೋ ಕಂಡರೆ ಎರಡೂ ಸ್ಲೈಡರ್ ಸ್ವಲ್ಪ ಹಿಂದಕ್ಕೆ ತನ್ನಿ. ನನ್ನ ಅಂಕಿಗಳನ್ನು ಹಾಗೇ ಇಡಬೇಡಿ, ಬೆಳಕು ಬದಲಾದರೆ ಇವೂ ಬದಲಾಗುತ್ತವೆ.

ಆಕಾಶದ ಕಥೆ ಬೇರೆ. ಹೊಸಬರು ನೀಲಿ ಸ್ಲೈಡರನ್ನು ಕೊನೆಯವರೆಗೆ ಎಳೆದು "ಆಕಾಶ ಕಪ್ಪಾಗುತ್ತಿಲ್ಲ" ಅನ್ನುತ್ತಾರೆ. ಹೇಗೆ ಆಗುತ್ತದೆ? ಮಳೆಗಾಲದ ಮೋಡದಲ್ಲಿ ನೀಲಿಯೇ ಇಲ್ಲ. ಬಣ್ಣ ಇಲ್ಲದ ಕಡೆ ಮಿಕ್ಸರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಥ ಆಕಾಶಕ್ಕೆ ಮೇಲಿನಿಂದ ಕೆಳಕ್ಕೆ ಗ್ರೇಡಿಯೆಂಟ್ ಮಾಸ್ಕ್ ಎಳೆದು ಅರ್ಧ ಸ್ಟಾಪ್ ಇಳಿಸುವುದೊಂದೇ ದಾರಿ.

ನೀಲಿ ಸ್ಲೈಡರ್ ಕೆಲಸ ಮಾಡುವುದು ನವರಾತ್ರಿಯ ನಂತರ, ಆಕಾಶ ತೊಳೆದ ಮೇಲೆ. ಹಂಪಿಗೆ ಹೋಗಲು ಅದೇ ಸರಿಯಾದ ಕಾಲ. ಮಾತಂಗ ಬೆಟ್ಟದ ಮೇಲೆ ಬೆಳಗ್ಗೆ ನಿಂತರೆ ಕೆಳಗೆ ಅಚ್ಯುತರಾಯ ದೇವಸ್ಥಾನ, ಸುತ್ತ ಬಂಡೆ. ಹಂಪಿಯ ಕಣಶಿಲೆಯಲ್ಲಿ ನಸುಗೆಂಪು ಛಾಯೆ ಇದೆ, ಬೆಳಗಿನ ಬಿಸಿಲು ಅದನ್ನು ಇನ್ನೂ ಕಿತ್ತಳೆ ಮಾಡುತ್ತದೆ. ಕಿತ್ತಳೆ ಸ್ಲೈಡರ್ ಏರಿಸಿ, ನೀಲಿ ಇಳಿಸಿ. ಬಂಡೆ ಬೆಳಗುತ್ತದೆ, ಆಕಾಶ ಹಿಂದೆ ಸರಿಯುತ್ತದೆ. ನೀಲಿಯನ್ನು -40ಕ್ಕಿಂತ ಕೆಳಗೆ ತಳ್ಳಿದರೆ ಆಕಾಶದಲ್ಲಿ ಕಾಳು ಏಳಲು ಶುರುವಾಗುತ್ತದೆ, ನೋಡಿಕೊಳ್ಳಿ.

ಆಡಮ್ಸ್ 1927ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಎದುರು ನಿಂತು ಮಾಡಿದ್ದೂ ಇದನ್ನೇ, ಗಾಜಿನ ಫಿಲ್ಟರಿನಿಂದ. ಮೊದಲು ಹಳದಿ ಫಿಲ್ಟರ್ ಹಾಕಿ ಒಂದು ಪ್ಲೇಟ್ (ಗಾಜಿನ ನೆಗೆಟಿವ್) ತೆಗೆದರು. ಆ ಬಂಡೆಯ ಎದುರು ತನಗೆ ಅನಿಸಿದ್ದು ಅದರಲ್ಲಿ ಬರುವುದಿಲ್ಲ ಅಂತ ಹೊಳೆದು, ಉಳಿದಿದ್ದ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದರು. ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ಕಣ್ಣಿಗೆ ಆ ಆಕಾಶ ಕಪ್ಪಾಗಿ ಕಂಡಿರಲಿಲ್ಲ. ಅವರಿಗೆ ಅದು ಹಾಗೆ ಬೇಕಿತ್ತು. ನಾವು ಮಿಕ್ಸರ್ ಮುಟ್ಟುವಾಗಲೂ ಇಂಥದ್ದೊಂದು ಬೇಕು ಇರಬೇಕು. ಬರೀ ಸ್ಲೈಡರ್ ಇದೆ ಅಂತ ಎಳೆಯಬಾರದು.

ಇದರ ತದ್ವಿರುದ್ಧ ನೋಡಬೇಕಾದರೆ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ಹುಡುಕಿ ನೋಡಿ. ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳು ಅವು. ಆ ಕಾಲದ ಕಾಗದ ಹೆಚ್ಚುಕಡಿಮೆ ನೀಲಿ ಬೆಳಕನ್ನು ಮಾತ್ರ ಹಿಡಿಯುತ್ತಿತ್ತು. ಹಾಗಾಗಿ ಅಂಥ ಚಿತ್ರಗಳಲ್ಲಿ ಆಕಾಶ ಬರೀ ಬಿಳಿ, ಗಿಡಮರ ಕಡು ಕಪ್ಪು, ದೂರದ ಗುಡ್ಡ ಕರಗಿದ ಹಾಗೆ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಕಪ್ಪು-ಬಿಳುಪು ಕಲಿಯುವವರಿಗೆ ಒಂದು ಪಾಠ.

ದೂರ ಯಾಕೆ ಕರಗಿತು? ದೂರದ ಬೆಟ್ಟಗಳ ಮೇಲೆ ಕಾಣುವ ತೆಳು ಮಬ್ಬು ನೀಲಿ ಬೆಳಕನ್ನೇ ಜಾಸ್ತಿ ಚೆದುರಿಸುತ್ತದೆ. ಅದಕ್ಕೇ ನೀಲಿ ಏರಿಸಿದರೆ ಮಬ್ಬು ದಟ್ಟವಾಗುತ್ತದೆ, ಸಾಲುಸಾಲು ಬೆಟ್ಟಗಳು ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ನೀಲಿ ಇಳಿಸಿದರೆ ಮಬ್ಬು ಹರಿದು ದೂರದ ಬೆಟ್ಟದ ಮೈ ಸ್ಪಷ್ಟವಾಗುತ್ತದೆ. ಕೊಡಚಾದ್ರಿಯ ತುದಿಯಿಂದ ಡಿಸೆಂಬರ್‌ನಲ್ಲಿ ತೆಗೆದ ಫೋಟೋ ಇದ್ದರೆ ಎರಡೂ ಮಾಡಿ ನೋಡಿ. ನಾನು ಹೆಚ್ಚಾಗಿ ನೀಲಿ ಏರಿಸುತ್ತೇನೆ, ಘಟ್ಟದ ಸಾಲಿಗೆ ಆ ಆಳ ಬೇಕು. ಆದರೆ ಆಗುಂಬೆಯ ಮಂಜಿನಲ್ಲಿ ಈ ಆಟ ನಡೆಯುವುದಿಲ್ಲ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚೆದುರಿಸುತ್ತದೆ. ಅದಕ್ಕೇ ಮಂಜು ಬಿಳಿ.

ಮಿಕ್ಸರ್ ಮುಗಿದ ಮೇಲೆ ಕಪ್ಪು ಎಷ್ಟು ಆಳ ಇರಬೇಕು ಅಂತ ನೋಡಿ. ಫ್ರೇಮಿನಲ್ಲಿ ಎಲ್ಲೋ ಒಂದು ಬೆರಳಗಲ ಅಚ್ಚ ಕಪ್ಪು ಇದ್ದರೆ ಸಾಕು, ಒಂದು ಸೀಳು, ಒಂದು ಪೊಟರೆ. ಇಡೀ ಕಾಡನ್ನೇ ಮಸಿ ಮಾಡಿದರೆ ಮಲೆನಾಡಿನ ಕಾಡು ಉಳಿಯುವುದಿಲ್ಲ. ಮಬ್ಬು ತೆಗೆದು ವಿವರ ಚೂಪು ಮಾಡುವ ಕ್ಲಾರಿಟಿ, ಡಿಹೇಝ್ ಸ್ಲೈಡರ್ ಎರಡನ್ನೂ ಮಂಜಿನ ಫೋಟೋಗೆ ಮುಟ್ಟಲೇಬೇಡಿ. ಮಂಜು ಹಿಡಿಯಲು ಬೆಳಗಿನ ಜಾವ ಎದ್ದು ಹೋಗಿ, ಮನೆಗೆ ಬಂದು ಮಂಜು ಒರೆಸುವುದು ಯಾಕೆ?

ಕೈ ಕೆಲಸ ಮತ್ತು ಪ್ರಿಂಟು

ಅಪ್ಪ ಡಾರ್ಕ್‌ರೂಮಿನಲ್ಲಿ ಒಂದು ಸಣ್ಣ ರಟ್ಟಿನ ಬಿಲ್ಲೆಯನ್ನು ತಂತಿಗೆ ಸಿಕ್ಕಿಸಿ ಇಟ್ಟುಕೊಂಡಿದ್ದರು. ನೆಗೆಟಿವ್ ಹಿಗ್ಗಿಸಿ ತೋರಿಸುವ ಎನ್‌ಲಾರ್ಜರ್ ಬೆಳಕು ಪೇಪರ್ ಮೇಲೆ ಬೀಳುವಾಗ ಅದನ್ನು ಮುಖದ ಮೇಲೆ ಒಂದೆರಡು ಸೆಕೆಂಡ್ ಅಲ್ಲಾಡಿಸುತ್ತಿದ್ದರು. ಆ ಪೇಪರ್ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಅಷ್ಟು ಹೊತ್ತು ಅಲ್ಲಿ ಬೆಳಕು ಕಡಿಮೆ ಬಿದ್ದು ಮುಖ ತಿಳಿಯಾಗುತ್ತಿತ್ತು. ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ಅದರ ಅಂಚು ಪ್ರಿಂಟಿನಲ್ಲಿ ಬೀಳುತ್ತದೆ. ಇದಕ್ಕೆ ಡಾಡ್ಜಿಂಗ್ ಅನ್ನುತ್ತಾರೆ. ಉಳಿದದ್ದನ್ನು ಮುಚ್ಚಿ ಒಂದೇ ಜಾಗಕ್ಕೆ ಜಾಸ್ತಿ ಬೆಳಕು ಕೊಟ್ಟು ಕಪ್ಪು ಮಾಡುವುದು ಬರ್ನಿಂಗ್.

ಲೈಟ್‌ರೂಮ್‌ನ ಬ್ರಷ್‌ನಲ್ಲೂ ನಾನು ಅದೇ ಕೈ ಬಳಸುತ್ತೇನೆ. ದೊಡ್ಡ ಮೆತ್ತನೆ ಬ್ರಷ್, ಫ್ಲೋ (ಒಂದು ಸಲ ಸವರಿದರೆ ಎಷ್ಟು ಹತ್ತುತ್ತದೆ ಅನ್ನುವುದು) ಹತ್ತರಷ್ಟು, ಎಕ್ಸ್‌ಪೋಶರ್ 0.2ರಷ್ಟು. ಒಂದೇ ಸಲಕ್ಕೆ ಕೆಲಸ ಮುಗಿಸದೆ ಮತ್ತೆ ಮತ್ತೆ ಸವರಿ. ಕಣ್ಣು ಮೊದಲು ಹೋಗುವುದು ಅತಿ ಬೆಳ್ಳಗಿನ ಜಾಗಕ್ಕೆ. ಹಾಗಾಗಿ ಮೂಲೆಯಲ್ಲಿ ಸುಮ್ನೆ ಹೊಳೆಯುವ ಎಲೆಯನ್ನು ಇಳಿಸಿ, ಕಾಡಿನ ಅಂಚಿಗೆ ತಾಗಿದ ಹುಲ್ಲನ್ನು ಸ್ವಲ್ಪ ಎತ್ತಿ. ನೋಡುವವರಿಗೆ ಬ್ರಷ್ ಓಡಿದ್ದು ಗೊತ್ತಾದರೆ ಜಾಸ್ತಿಯಾಯಿತು ಅಂತಲೇ ಅರ್ಥ.

ಕೊನೆಗೆ ಪ್ರಿಂಟ್ ಹಾಕಿಸಿ. ದಯವಿಟ್ಟು ಹಾಕಿಸಿ. ಹಿಂದಿನಿಂದ ಬೆಳಕು ಬರುವ ಸ್ಕ್ರೀನಿನಲ್ಲಿ ಎಲ್ಲ ಕಪ್ಪೂ ಚೆಂದವೇ. ನೆರಳಿನ ನಿಜವಾದ ಪರೀಕ್ಷೆ ಕಾಗದದ ಮೇಲೆ. ಕಂಪ್ಯೂಟರ್ ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸಿ ಎಡಿಟ್ ಮಾಡಿ. ತುಂಬಾ ಬೆಳಗಿದ ಸ್ಕ್ರೀನ್ ನೋಡಿಕೊಂಡು ಮಾಡಿದ ಫೋಟೋ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಕಲರ್ ಲ್ಯಾಬಿನ ಪೇಪರ್ ಮೇಲೆ ಕಪ್ಪು-ಬಿಳುಪು ಹಾಕಿಸಿದರೆ ಬೂದಿನಲ್ಲಿ ಹಸಿರು ಛಾಯೆಯೋ ನೇರಳೆ ಛಾಯೆಯೋ ಸೇರಿಕೊಳ್ಳುವುದುಂಟು. ದೊಡ್ಡದಕ್ಕೆ ಮೊದಲು ಅಂಗೈಯಗಲದ ಒಂದು ಟೆಸ್ಟ್ ತೆಗೆಸಿ, ಅದನ್ನು ಟ್ಯೂಬ್‌ಲೈಟ್ ಕೆಳಗಲ್ಲ, ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ನೋಡಿ. ಬೂದಿಗೆ ಅಂತಲೇ ಬೇರೆ ಇಂಕ್ ಇರುವ ಪಿಗ್‌ಮೆಂಟ್ ಇಂಕ್‌ಜೆಟ್‌ನಲ್ಲಿ, ಹೊಳಪಿಲ್ಲದ ಮ್ಯಾಟ್ ಪೇಪರ್ ಮೇಲೆ ಹಾಕಿಸಿದರೆ ಮಂಜಿನ ಫೋಟೋಗಳು ಬಹಳ ಚೆನ್ನಾಗಿ ಕೂರುತ್ತವೆ. ಯಾಣ, ಜೋಗದಂಥವಕ್ಕೆ ಆಳವಾದ ಕಪ್ಪು ಬೇಕು, ಅದಕ್ಕೆ ಸ್ವಲ್ಪ ಹೊಳಪಿನ ಪೇಪರ್ ವಾಸಿ.

ಫ್ರೇಮ್ ಹಾಕಿಸುವಾಗ ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ ಇಡಲು ಹೇಳಿ. ನಮ್ಮ ಕಡೆಯ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಂಡರೆ ಬಿಡಿಸಲು ಆಗುವುದಿಲ್ಲ. ಮಳೆ ಹೊಡೆಯುವ ಹೊರಗೋಡೆಗೆ ಅದನ್ನು ನೇತುಹಾಕಬೇಡಿ, ಮನೆಯ ಒಳಗೋಡೆ ಆರಿಸಿ. ಫ್ರೇಮಿನ ಹಿಂದಿನ ಕೆಳ ಮೂಲೆಗಳಿಗೆ ಎರಡು ಸಣ್ಣ ಬೂಚಿನ ತುಂಡು ಅಂಟಿಸಿ, ಹಿಂದೆ ಗಾಳಿಯಾಡುತ್ತದೆ, ಬೂಷ್ಟು ಹಿಡಿಯುವುದಿಲ್ಲ.